ಕಾಂಡದ ಮೇಲೊಂದು 'ಬಿ'

"ಸ್ವಲ್ಪ ಹೊತ್ತು ಸುಮ್ಮನಿರ್ತೀರಾ?"

ಗಂಡಸಿನ ದನಿ. ಅದೂ ಎರಡನೇ ಮಹಡಿಯ ಕಿಟಕಿಯ ಆಚೆಯಿಂದ.

ಅವಳು ಹೆಡ್‌ಫೋನ್ ಕತ್ತಿಗಿಳಿಸಿ ನೋಡಿದಳು. ಒಂದು ಮಾರು ದೂರದಲ್ಲಿ, ಮರದ ಕೊಂಬೆಗಳ ನಡುವೆ, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಬ್ಬ ತೂಗುತ್ತಿದ್ದ. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಸಣ್ಣದೊಂದು ಸುತ್ತಿಗೆ. ಕಿವಿಯನ್ನು ಕೊಂಬೆಗೆ ಆನಿಸಿಕೊಂಡಿದ್ದ.

ಬೇರೆ ಯಾರಾದರೂ ಆಗಿದ್ದರೆ ಕಿರುಚಿ ಮನೆ ಒಂದು ಮಾಡುತ್ತಿದ್ದರು. ಅವಳಿಗೆ ಕಿರುಚಬೇಕೆನ್ನಿಸಲಿಲ್ಲ. ಎರಡು ವರ್ಷದಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ.

"ನಾನು ಮಾತೇ ಆಡಿಲ್ಲವಲ್ಲ," ಎಂದಳು.

"ಟೈಪ್ ಮಾಡ್ತಿದ್ದೀರಿ, ಟಕಟಕ ಅಂತ. ನಾನು ಕೊಂಬೆ ಬಡಿದು ಕೇಳಬೇಕು. ಒಳಗೆ ಟೊಳ್ಳಾಗಿದ್ರೆ ಸದ್ದು ಬೇರೆ ಬರುತ್ತೆ."

ಅವಳು ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಅವನು ಬಡಿದ, ಕೇಳಿದ. ಒಂದು ಗೇಣು ಮೇಲೆ ಸರಿದು ಮತ್ತೆ ಬಡಿದ. ಇಷ್ಟು ಗಮನವಿಟ್ಟು ಒಬ್ಬರು ಏನನ್ನಾದರೂ ಕೇಳಿಸಿಕೊಳ್ಳುವುದನ್ನು ನೋಡಿ ಎಷ್ಟು ಕಾಲವಾಗಿತ್ತು...

"ಏನು ಹೇಳ್ತು ಮರ?"

"ಇನ್ನೂ ಬಾಯಿ ಬಿಟ್ಟಿಲ್ಲ. ನಾಳೆ ಬರ್ತೀನಿ."

ಹಗ್ಗ ಸಡಿಲಿಸಿಕೊಂಡು ಎಲೆಗಳ ಕೆಳಗೆ ಮರೆಯಾದ.

ಅದು ಅಕ್ಕನ ಮನೆ. ನಗರದ ನಡುಮಧ್ಯದಿಂದ ಹತ್ತು ನಿಮಿಷದ ದಾರಿ, ಆದರೆ ಇಲ್ಲಿಗೆ ಅದರ ಗದ್ದಲ ದೂರದ ಕಡಲಿನ ಮೊರೆತದ ಹಾಗೆ ಮಾತ್ರ ಕೇಳುತ್ತಿತ್ತು. ಎತ್ತರದ ಕಾಂಪೌಂಡುಗಳು, ತಾವಾಗಿಯೇ ತೆರೆದುಕೊಳ್ಳುವ ಗೇಟುಗಳು, ನಡುಮಧ್ಯಾಹ್ನವೂ ಸಂಜೆಯಂತೆ ಕಾಣುವಷ್ಟು ನೆರಳು. ಗೋಡೆಯಾಚೆಯಿಂದ ಯಾರೂ ಯಾರನ್ನೂ ಕೂಗುತ್ತಿರಲಿಲ್ಲ. ಗಂಟೆ ಒತ್ತುವ ಮೊದಲು ಮೆಸೇಜು ಮಾಡಿ ಕೇಳುತ್ತಿದ್ದರು.

ಗಂಡ ತೀರಿಕೊಂಡ ತಿಂಗಳೇ ಅಕ್ಕ ಕರೆತಂದಿದ್ದಳು. "ಇಲ್ಲಿ ನಿನಗೆ ನೆಮ್ಮದಿ ಇರುತ್ತೆ ಪುಟ್ಟೀ." ನೆಮ್ಮದಿಯೋ ಏನೋ, ನಿಶ್ಶಬ್ದವಂತೂ ಇತ್ತು. ಅವಳೊಳಗೂ ಅದೇ ಇತ್ತು. ಹಾಗಾಗಿ ಹೊಂದಿಕೊಂಡಳು.

ಅವಳ ಕೆಲಸ, ವೈದ್ಯರು ಫೋನಿಗೆ ಗೊಣಗಿದ ವರದಿಗಳನ್ನು ಕೇಳಿ ಟೈಪ್ ಮಾಡುವುದು. 'ರೋಗಿಗೆ ಹೃದಯಸ್ತಂಭನ' ಎಂಬಲ್ಲಿಗೆ ಬಂದಾಗಲೂ ಬೆರಳು ತಡವರಿಸುತ್ತಿರಲಿಲ್ಲ. ಅವಳ ಗಂಡನಿಗೂ ಆದದ್ದು ಅದೇ. ಆಗಲೂ ಅವಳು ಅತ್ತಿರಲಿಲ್ಲ.

ಮರದ ಡಾಕ್ಟರು ಮರುದಿನ ಬಂದ. ಅದರ ಮರುದಿನವೂ ಬಂದ. ಅವನಿಗೆ ಆ ಹೆಸರಿಟ್ಟವಳು ಅಕ್ಕ. ಅವನು ನಗರಾಡಳಿತದ ಕಚೇರಿಯಿಂದ ಬಂದವನು. ಆ ಬೀದಿಯ ಹಳೆಯ ಮರಗಳಲ್ಲಿ ಯಾವುದನ್ನು ಕಡಿಯಬೇಕು, ಯಾವುದನ್ನು ಬೇಡ ಎಂದು ತೀರ್ಮಾನಿಸುವುದು ಅವನ ಕೆಲಸ.

"ಏನೇ, ಅವನು ಪರೀಕ್ಷೆ ಮಾಡ್ತಿರೋದು ಮರಾನೋ ನಮ್ಮ ಕಿಟಕೀನೋ?" ಅಕ್ಕ ಕೇಳಿದಳು. "ಐದು ದಿನ ಆಯ್ತು, ಅದೇ ಕೊಂಬೆ."

"ದೊಡ್ಡ ಮರ ಅಕ್ಕ."

"ಹೂಂ. ದೊಡ್ಡದೇ."

ಆ ಐದು ಮಧ್ಯಾಹ್ನಗಳಲ್ಲಿ ಅವರು ಆಡಿದ ಮಾತು ಒಂದು ಹಾಳೆ ತುಂಬುವಷ್ಟೂ ಇರಲಿಲ್ಲ. ಒಮ್ಮೆ ಅವಳು ಕೇಳಿದ್ದಳು, "ಟೊಳ್ಳಾದ ಮರ ಬದುಕುತ್ತಾ?"

"ಬದುಕುತ್ತೆ. ಅದರ ಜೀವ ಇರೋದು ತೊಗಟೆ ಕೆಳಗೆ. ಒಳಗೆ ಖಾಲಿಯಾಗಿದ್ರೂ ಬಹಳ ಕಾಲ ನಿಂತಿರುತ್ತೆ."

ಅವಳು ಹೆಡ್‌ಫೋನ್ ಹಾಕಿಕೊಂಡಳು. ಆದರೆ ಅದರಲ್ಲಿ ಏನೂ ಓಡುತ್ತಿರಲಿಲ್ಲ. ಅವನ ಸುತ್ತಿಗೆಯ ಸದ್ದು ಕೇಳುತ್ತಾ ಕೂತಳು. ದಿನವೊಂದಕ್ಕೆ ಅಂಚು ಎನ್ನುವುದೊಂದಿದ್ದರೆ ಅದು ಈ ಸದ್ದೇ. ಉಳಿದ ಹೊತ್ತೆಲ್ಲ ಒಂದೇ ಸಮನೆ ಬೂದು ಬಣ್ಣ.

ಆರನೆಯ ದಿನ ಬೆಳಗ್ಗೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಅಕ್ಷರ ಇತ್ತು. 'ಬಿ'.

ವಕೀಲ ಭಾವ ಕಾರಿನ ಮೇಲಿನ ಹಕ್ಕಿ ಹಿಕ್ಕೆ ಒರೆಸುತ್ತಾ ಹಿಗ್ಗಿನಲ್ಲಿದ್ದ. "ಅಂತೂ ನನ್ನ ಅರ್ಜಿಗೆ ಬೆಲೆ ಬಂತು."

"ಏನು ಭಾವ ಅದು?"

"ಬಿ ಅಂದ್ರೆ ಬೀಳಿಸೋದು. ಇನ್ನೇನು?"

"ಬೀಳಿಸೋದಾದ್ರೆ ದೀರ್ಘ ಬರಬೇಕಲ್ಲ, ಬೀ ಅಂತ."

"ಸರ್ಕಾರಿ ಕಾಗುಣಿತ ಕಣಮ್ಮ. ಅಷ್ಟು ಬಂದಿದ್ದೇ ಹೆಚ್ಚು."

ಅವಳು ಮೇಲೆ ಹೋಗಿ ಪರದೆ ಎಳೆದಳು. ಐದು ದಿನ ಕಿವಿಗೊಟ್ಟು ಕೇಳಿದ್ದು ಇದಕ್ಕಾ... ಬದುಕುತ್ತೆ ಎಂದವನು ಅವನೇ ಅಲ್ಲವೇ?

ಮಧ್ಯಾಹ್ನ ಕಿಟಕಿಯ ಚೌಕಟ್ಟಿನ ಮೇಲೆ ಟೊಕ್ ಟೊಕ್ ಎಂದಿತು.

"ನಿಮ್ಮ ಕೆಲಸ ಮುಗೀತಲ್ಲ," ಪರದೆಯ ಈಚೆಯಿಂದಲೇ ಅಂದಳು. "ಇನ್ಯಾಕೆ ಬಂದ್ರಿ?"

"ಒಂದು ಮಾತು ಹೇಳೋದಿತ್ತು."

"ಬೇಡ."

ಹಗ್ಗ ಕಿರುಗುಟ್ಟಿತು. ಆಮೇಲೆ ಅದೂ ಇಲ್ಲ.

ಸಂಜೆ ಅಕ್ಕ ಬಂದು ಬಾಗಿಲಿಗೆ ಒರಗಿ ನಿಂತಳು. "ನಿನ್ನ ಡಾಕ್ಟರು ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಗೇಟ್ ಹತ್ರ ನಿಂತಿದ್ದ, ಪಾಪ. 'ಬಿಟ್ಟಿದ್ದೀನಿ ಅಂತ ಅವರಿಗೆ ಹೇಳಿ' ಅಂದ. ಏನನ್ನ ಬಿಟ್ಟಿದ್ದಾನಂತೆ?"

"ನನಗೇನು ಗೊತ್ತು?"

ಗೊತ್ತಿತ್ತು ಎಂದೇ ಅವಳು ಭಾವಿಸಿದ್ದಳು. ನನ್ನನ್ನು ಬಿಟ್ಟಿದ್ದಾನೆ. ಇನ್ನು ಬರುವುದಿಲ್ಲ. ಒಳ್ಳೆಯದೇ ಆಯಿತು... ಯಾರಿಗೆ ಒಳ್ಳೆಯದು ಎಂದು ಅವಳು ಕೇಳಿಕೊಳ್ಳಲಿಲ್ಲ. ವರದಿಗಳನ್ನು ಟೈಪ್ ಮಾಡಿದಳು. ಊಟ ಮಾಡಿದಳು. ಮಲಗಿದಳು. ದಿನಗಳು ಒಂದರ ಮೇಲೊಂದು ಬಿದ್ದವು, ಸದ್ದಿಲ್ಲದೆ.

ಒಂದು ಬೆಳಗ್ಗೆ ಹತ್ತೂವರೆಗೆ ಬೀದಿಯಲ್ಲಿ ಗರಗಸದ ಯಂತ್ರ ಗುಡುಗಿತು. ಮೂರನೇ ಮನೆಯ ಮುಂದಿನ ಮರ ಉರುಳಿತು. ಅದನ್ನು ತುಂಡರಿಸಿ ಮುಗಿಸುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಯಂತ್ರ ಹೊತ್ತ ಲಾರಿ ಅಕ್ಕನ ಗೇಟಿನತ್ತ ಬಂತು.

ಯಾವಾಗ ಎದ್ದಳೋ, ಯಾವಾಗ ಮೆಟ್ಟಿಲಿಳಿದಳೋ. ಮರದ ಕಾಂಡಕ್ಕೆ ಬೆನ್ನು ಕೊಟ್ಟು, ಕೈ ಅಗಲಿಸಿ ನಿಂತಿದ್ದಳು.

"ಇದನ್ನ ಮುಟ್ಟಬೇಡಿ."

ಮೇಸ್ತ್ರಿ ಲಾರಿಯಿಂದ ತಲೆ ಹೊರಹಾಕಿದ. "ನಾವ್ಯಾಕಮ್ಮ ಮುಟ್ಟೋಣ?"

"ಬಿ ಅಂತ ಬರೆದಿದೆಯಲ್ಲ."

"ಅದಕ್ಕೇ ಮುಟ್ಟಲ್ಲ. ಬಿ ಅಂದ್ರೆ ಬಿಡೋದು. ಕಡಿಯೋದಕ್ಕೆ ಕ ಅಂತ ಹಾಕ್ತೀವಿ. ಇಷ್ಟೂ ಗೊತ್ತಾಗಲ್ವಾ? ಓದಿರೋರು ನೀವು." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದ. "ನಮ್ಮ ಸಾಹೇಬರು ಅಲ್ಲಿದ್ದಾರೆ, ಬೇಕಾದ್ರೆ ಕೇಳಿ. ಇವತ್ತೊಂದೇ ದಿನ ಅವರು. ನಾಳೆಯಿಂದ ಬೇರೆ ಊರು."

ಬಿಟ್ಟಿದ್ದೀನಿ ಅಂತ ಅವರಿಗೆ ಹೇಳಿ...

ಅವಳು ನಡೆದಳು. ಮೂರನೇ ಮನೆಯ ಮುಂದೆ ಅವನು ಕಡಿದ ದಿಮ್ಮಿಯ ಪಕ್ಕ ಹಗ್ಗ ಸುತ್ತುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

"ನೀವು ಬೀಳಿಸ್ತೀರಿ ಅಂದ್ಕೊಂಡಿದ್ದೆ," ಎಂದಳು.

"ಮತ್ತೆ ನಾನು, ಬಿಟ್ಟಿದ್ದಕ್ಕೆ ನಿಮಗೆ ಕೋಪ ಅಂದ್ಕೊಂಡೆ. ಕಡೀರಿ ಅಂತ ಅರ್ಜಿ ಬಂದಿದ್ದು ನಿಮ್ಮ ಮನೆಯಿಂದಾನೇ ತಾನೆ?"

"ಅದು ಭಾವನ ಅರ್ಜಿ."

"ಹೌದಾ..."

ಅವನು ಮತ್ತೆ ಹಗ್ಗ ಸುತ್ತತೊಡಗಿದ. ಏನೂ ಹೇಳದೆ ಹೊರಟುಹೋದರೆ ಮುಗಿಯಿತು, ಇವನು ನಾಳೆ ಇರುವುದಿಲ್ಲ. ನಾನು ಮತ್ತೆ ಪರದೆಯ ಹಿಂದೆ ಇರುತ್ತೇನೆ, ವರುಷಗಟ್ಟಲೆ. ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು.

"ಒಂದು ಮಾತು ಹೇಳ್ತೀನಿ. ತಪ್ಪು ತಿಳಿಬೇಡಿ," ಎಂದಳು. "ನನ್ನ ಗಂಡ ಹೋಗಿ ಎರಡು ವರ್ಷ. ಆವತ್ತಿಂದ ನನಗೆ ಏನೂ ಅನ್ನಿಸಲ್ಲ. ನಿಮ್ಮನ್ನ ನೋಡಿದಾಗಲೂ ಎದೆ ಗಿದೆ ಹೊಡ್ಕೊಳ್ಳೋದಿಲ್ಲ. ಆದ್ರೆ ನೀವು ಬರದ ದಿನ... ಬಂದಿಲ್ಲ ಅಂತ ಗೊತ್ತಾಗುತ್ತೆ."

ಅವನು ಹಗ್ಗವನ್ನು ಕೆಳಗಿಟ್ಟ. "ಎಷ್ಟು ದಿನ ಬರಲಿಲ್ಲ ನಾನು?"

"ಹನ್ನೊಂದು."

"ಎಣಿಸ್ತಿದ್ರಾ?"

"ಇಲ್ಲ. ನೀವು ಕೇಳಿದ ಮೇಲೆ ನೋಡಿದ್ರೆ, ಅದು ಅಲ್ಲೇ ಇತ್ತು."

ಅವನು ತಲೆ ತಗ್ಗಿಸಿದ. ಹಾಗೆ ತಗ್ಗಿಸಿದಾಗಲೇ ಕಂಡದ್ದು.

"ನಿಮ್ಮ ಕಾಲಲ್ಲಿ ಚಪ್ಪಲಿ ಇಲ್ಲ."

ಅವಳೂ ನೋಡಿಕೊಂಡಳು. ಮರ ಉರುಳಿದ ಜಾಗದಲ್ಲಿ, ಆ ಬೀದಿಗೆ ಬಹುಕಾಲದ ಮೇಲೆ ಬಿಸಿಲು ಬಿದ್ದಿತ್ತು, ನೇರವಾಗಿ, ಡಾಂಬರಿನ ಮೇಲೆ. ಅವಳು ನಿಂತಿದ್ದದ್ದು ಅದರ ನಡುವೆ.

"ಸುಡ್ತಾ ಇದೆ," ಎಂದಳು. ಬೇರೆ ಯಾರದೋ ಸುದ್ದಿ ಹೇಳಿದ ಹಾಗೆ. ಆಮೇಲೆ ಇನ್ನೊಮ್ಮೆ, ಈ ಸಲ ತನ್ನದೇ ದನಿಯಲ್ಲಿ, "ಸುಡ್ತಾ ಇದೆ..."

ಕಣ್ಣು ತುಂಬಿ ಹರಿಯಿತು. ತಡೆಯಲಿಲ್ಲ.

"ನೆರಳಿಗೆ ಬನ್ನಿ."

"ಬೇಡ. ಸ್ವಲ್ಪ ಹೊತ್ತು ಹೀಗೇ ಇರ್ತೀನಿ."

ಅವನು ಎಳೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ದಿಮ್ಮಿಯ ಮೇಲೆ ಕೂತು ಬೂಟಿನ ದಾರ ಬಿಚ್ಚಿದ. ಒಂದು ಬೂಟು, ಇನ್ನೊಂದು, ಕಾಲುಚೀಲ. ಎದ್ದು ಬಂದು ಅವಳ ಪಕ್ಕ ನಿಂತ. ಬಿಸಿಗೆ ಅವನ ಮುಖ ಕಿವುಚಿಕೊಂಡಿತು.

"ನಾಳೆ ಹೋಗ್ತಿರೋ ಊರು ಇಲ್ಲಿಂದ ಬಸ್ಸಲ್ಲಿ ಎರಡೇ ಗಂಟೆ," ಎಂದ. "ಭಾನುವಾರ ಬರಬಹುದಾ?"

"ಬನ್ನಿ."

ಅವಳ ಬೆರಳು ಅವನ ಬೆರಳನ್ನು ಹಿಡಿಯಿತು.

"ನಿಮಗೂ ಸುಡ್ತಿದೆಯಾ?"

"ಬಹಳ."

"ಸದ್ಯ," ಎಂದಳು ಅವಳು.