ದರಿಯಾ ಮಹಲಿನ ಮೇಲಂತಸ್ತು

"ನಿಲ್ಲಿಸಿ! ಆ ಗೋಡೆ ಮುಟ್ಟಬೇಡಿ!"

ತೇಗದ ಮೆಟ್ಟಿಲ ಮೇಲಿಂದಲೇ ಮೇದಿನಿ ಹಿಂದಿಯಲ್ಲಿ ಕೂಗಿದಳು.

ಕೆಳಗೆ ಪುಟ್ಟ ಸುತ್ತಿಗೆ ಹಿಡಿದು, ಗೋಡೆಗೆ ಕಿವಿಯಿಟ್ಟು ನಿಂತಿದ್ದ ಯುವಕ ಬೆಚ್ಚಿ ತಿರುಗಿದ. ತನ್ನಷ್ಟಕ್ಕೇ ಗೊಣಗಿದ.

"ಯಪ್ಪಾ, ಯಾರಿವರು... ಜೀವಾನ ಹೋದಂಗಾತು."

ಕನ್ನಡ! ಸೂರತ್ ದಾಟಿ, ಒಣಮೀನಿನ ವಾಸನೆಯ ಈ ಪುಟ್ಟ ಕಡಲೂರಿನಲ್ಲಿ, ಧಾರವಾಡದ ಕನ್ನಡ... ಮೇದಿನಿಯ ಅರ್ಧ ಕೋಪ ಅಲ್ಲೇ ಇಳಿಯಿತು. ಎದೆಬಡಿತ ಮಾತ್ರ ಯಾಕೋ ಏರಿತು.

"ಗೋಡೆಗೂ ಜೀವ ಇದೆ. ನೂರು ವರ್ಷದ ಸುಣ್ಣದ ಗಾರೆ ಅದು," ಎಂದಳು ಕನ್ನಡದಲ್ಲೇ.

ಅವನ ಕಣ್ಣು ಅರಳಿತು. "ಅದಕ್ಕ ಮೆಲ್ಲಗ ಬಡದು ಕೇಳಾಕತ್ತೀನ್ರೀ. ಪೊಳ್ಳಿದ್ರ ಸಪ್ಪಳ ಬ್ಯಾರೆ ಬರ್ತದ. ನಾನು ಭರತೇಶ್. ವಡೋದರಾದಾಗ ಇಂಜಿನಿಯರ್."

ಮೇದಿನಿ ವಾಸ್ತುಶಿಲ್ಪಿ. ಅಪ್ಪನ ಬ್ಯಾಂಕ್ ವರ್ಗಾವಣೆಯಿಂದ ಅಹಮದಾಬಾದಿನ ಮಣಿನಗರದಲ್ಲಿ ನೆಲೆಸಿದವಳು. ಈ ದರಿಯಾ ಮಹಲ್ ಹೋಟೆಲ್ ಬೀಳುವಂತಿದೆ ಎಂದು ದೂರಿ, ಅದನ್ನು ಕೆಡವಿ ರೆಸಾರ್ಟ್ ಕಟ್ಟಲು ಹಣವಂತರೊಬ್ಬರು ಕಾದಿದ್ದರು. ಮುದಿ ಒಡತಿ ಖೋರ್ಷೆದ್‌ಬಾಯಿಗೆ ಮಾರುವ ಮನಸ್ಸಿರಲಿಲ್ಲ. ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿದರೆ ಹೋಟೆಲ್ ಉಳಿಯುತ್ತದೆ. ಅದರ ಮಹತ್ವ ಏನೆಂದು ಹೇಳುವುದು ಮೇದಿನಿಯ ಕೆಲಸ, ಅದು ಗಟ್ಟಿಯಾಗಿದೆಯೇ ಎಂದು ಹೇಳುವುದು ಭರತೇಶನದು.

ಪ್ರತಿ ಶನಿವಾರ ಅವಳು ಮಣಿನಗರದಲ್ಲಿ ರೈಲು ಹತ್ತುತ್ತಿದ್ದಳು. ಭರತೇಶ್ ಹತ್ತುವ ವಡೋದರಾ ಬರುವ ಮುಂಚೆಯೇ ಕಿಟಕಿಗೆ ಅಂಟಿಕೊಳ್ಳುತ್ತಿದ್ದಳು.

'ಬಂದನಾ? ಅಗೋ, ನೀಲಿ ಅಂಗಿ...'

"ನಿಮಗೆ ಗೊತ್ತಾ ಭರತೇಶ್? ಬಿರುಗಾಳಿ ಬಂದಾಗೆಲ್ಲ ಮೀನುಗಾರರ ಮನೆಯವರಿಗೆ ಹೋಟೆಲಿನ ಬಾಗಿಲು ತೆರೆದೇ ಇರ್ತಿತ್ತಂತೆ!"

ಅವಳು ಕೈ ಆಡಿಸುತ್ತಾ ಹೇಳುತ್ತಿದ್ದರೆ, ಅವನು ಹೊರಗಿನ ಊರುಗಳನ್ನು ಮರೆತು ಅವಳನ್ನೇ ನೋಡುತ್ತಿದ್ದ.

ಒಂದು ಶನಿವಾರ ಸಂಜೆ ಎಲ್ಲವೂ ತಲೆಕೆಳಗಾಯಿತು.

ಚಹಾ ತರಲೆಂದು ಅಡುಗೆಮನೆಯತ್ತ ಹೋದವಳಿಗೆ ಒಳಗಿನಿಂದ ಭರತೇಶನ ದನಿ ಕೇಳಿಸಿತು. ಖೋರ್ಷೆದ್‌ಬಾಯಿಗೆ ಗುಜರಾತಿಯಲ್ಲಿ ಹೇಳುತ್ತಿದ್ದ.

"ಇಲ್ಲ ಆಂಟಿ, ಒಡೆಯಲೇಬೇಕು. ಬೇರೆ ದಾರಿಯಿಲ್ಲ."

ಮೇದಿನಿ ಬಾಗಿಲಾಚೆಯೇ ನಿಂತಳು. 'ಇಷ್ಟು ದಿನ ನನ್ನ ಮಾತಿಗೆಲ್ಲ ತಲೆಯಾಡಿಸಿ... ಕೊನೆಗೆ ರೆಸಾರ್ಟಿನವರ ಪರವಾಗಿಬಿಟ್ಟನಾ?'

ಹೇಳದೆ ಹೊರಟುಬಿಟ್ಟಳು. ಅವನ ಕರೆಗಳಿಗೆ ಉತ್ತರಿಸಲಿಲ್ಲ. ಮುಂದಿನ ಶನಿವಾರ, ಕಡಲೂರಿನ ನಗರಪಾಲಿಕೆಯಲ್ಲಿ ಹೋಟೆಲಿನ ವಿಚಾರಣೆಯ ದಿನ, ಅವಳು ಬೇರೆ ಬೋಗಿ ಹತ್ತಿದಳು. ವಡೋದರಾ ಪ್ಲಾಟ್‌ಫಾರಂನಲ್ಲಿ ಭರತೇಶ್ ಕಿಟಕಿಯಿಂದ ಕಿಟಕಿಗೆ ಹುಡುಕುತ್ತಾ ಬಂದು, ಅವಳನ್ನು ಕಂಡು ನಿಂತ. ಅವಳು ಮುಖ ತಿರುಗಿಸಿಕೊಂಡಳು. ಕಣ್ಣು ತುಂಬಿತು.

ಪಾಲಿಕೆಯ ಸಭಾಂಗಣ ಕಿಕ್ಕಿರಿದಿತ್ತು. ಮೇದಿನಿಯ ಮಾತು ಮುಗಿಯುತ್ತಿದ್ದಂತೆ ಮೀನು ಮಾರುವ ಮಂಗುಬೆನ್ ಎದ್ದು ನಿಂತಳು.

"ನನ್ನ ಮಗ ಹುಟ್ಟಿದ್ದೇ ಆ ಹೋಟೆಲಿನ ಜಗಲಿಯಲ್ಲಿ ಸಾಹೇಬರೇ. ಹೊರಗೆ ಬಿರುಗಾಳಿ, ಗಂಡ ಸಮುದ್ರದಲ್ಲಿ. ಅದನ್ನು ಕೆಡವಿದರೆ ಮುಂದಿನ ಬಿರುಗಾಳಿಗೆ ನಾವೆಲ್ಲಿಗೆ ಹೋಗೋಣ?"

"ಅದೆಲ್ಲ ಸರಿ, ಕಟ್ಟಡ ನಿಲ್ಲುತ್ತದೆಯೇ?" ಅಧಿಕಾರಿ ಕೇಳಿದರು.

ಭರತೇಶ್ ಎದ್ದ. ಮೇದಿನಿ ಉಸಿರು ಬಿಗಿಹಿಡಿದಳು.

"ಆಮೇಲೆ ಕಟ್ಟಿದ ಕಾಂಕ್ರೀಟಿನ ಮೇಲಂತಸ್ತನ್ನು ಒಡೆಯಲೇಬೇಕು. ಅದರ ಭಾರಕ್ಕೇ ಕೆಳಗೆ ಬಿರುಕು ಬಿಟ್ಟಿದೆ. ಅದನ್ನು ಇಳಿಸಿದರೆ ಹಳೆಯ ಗೋಡೆ, ತೇಗದ ತೊಲೆ ಎಲ್ಲವೂ ಗಟ್ಟಿ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತದೆ."

'ಒಡೆಯಬೇಕಾದದ್ದು ಮೇಲಂತಸ್ತು ಮಾತ್ರ... ಅಯ್ಯೋ, ನಾನೇನು ಮಾಡಿಬಿಟ್ಟೆ!'

ಹೋಟೆಲನ್ನು ಪಟ್ಟಿಗೆ ಸೇರಿಸುವಂತೆ ಶಿಫಾರಸು ಮಾಡುತ್ತೇವೆ ಎಂದು ಅಧಿಕಾರಿ ಹೇಳಿದಾಗ ಸಭೆ ಚಪ್ಪಾಳೆಯಲ್ಲಿ ಮುಳುಗಿತು. ಖೋರ್ಷೆದ್‌ಬಾಯಿ ಮೇದಿನಿಯನ್ನು ಅಪ್ಪಿಕೊಂಡು ಅತ್ತಳು. ಅವಳ ಭುಜದಾಚೆ ಭರತೇಶ್ ಹೊರಗೆ ನಡೆಯುತ್ತಿದ್ದ.

ಮೇದಿನಿ ಓಡಿದಳು. ದೋಣಿಗಳು ನಿಂತಿದ್ದ ದಕ್ಕೆಯ ಬಳಿ ಅವನನ್ನು ಹಿಡಿದಳು.

"ನಿಲ್ಲಿ ಭರತೇಶ್... ಅರ್ಧ ಮಾತು ಕೇಳಿ ತೀರ್ಮಾನ ಮಾಡಿಬಿಟ್ಟೆ. ತಪ್ಪಾಯ್ತು."

"ಫೋನ್ ಎತ್ತಿದ್ರ ಅವತ್ತ ಹೇಳತಿದ್ದೆ." ಅವನು ಅವಳತ್ತ ತಿರುಗಿದ. "ಬಿರುಕು ಬಿಟ್ಟ ಗೋಡಿ ಎಷ್ಟೋ ನೋಡೀನ್ರೀ, ಎಂದೂ ಅಂಜಿಲ್ಲ. ಇವತ್ತ ನೀವು ಮುಖ ತಿರುವಿದ್ರಲ್ಲ... ಅಂಜಿದೆ."

"ಯಾಕೆ?"

ಅವನು ಕಡಲ ಕಡೆ ನೋಡಿದ. "ನಮ್ಮ ಅವ್ವಗ ಹೇಳಿಬಿಟ್ಟೀನಿ, ಒಬ್ಬಾಕಿ ಇದ್ದಾಳ ಅಂತ. ನಿಮಗ ಹೇಳೂಕಿಂತ ಮೊದಲ."

ಅಳುವೂ ನಗುವೂ ಒಟ್ಟಿಗೇ ಬಂದವು ಮೇದಿನಿಗೆ.

"ಅಮ್ಮ ಏನಂದ್ರು?"

"'ಆ ಹುಡುಗಿ ಒಪ್ಯಾಳೇನು?' ಅಂದ್ಲು. ಗೊತ್ತಿಲ್ಲ ಅಂದೆ."

ಅವಳು ಅವನ ಕೈ ಹಿಡಿದುಕೊಂಡಳು.

"ಒಪ್ಪಿದಾಳೆ ಅಂತ ಹೇಳು."

"ಹೇಳು... ಅಂದ್ರೇನ್ರೀ?" ಅವನ ಮುಖ ಬೆಳಗಿತು. "ನೀವ... ಅಲ್ಲ, ನೀನ ಹೇಳ್ತೀಯೇನು?"

"ಕೊಡು ಇಲ್ಲಿ ಫೋನು," ಎಂದಳು ಮೇದಿನಿ.