ಮಹಡಿಯ ಹದಿನಾಲ್ಕನೇ ನಂಬರು

ಬುಧವಾರ ಮಧ್ಯಾಹ್ನ ಹನ್ನೆರಡೂವರೆಗೆ ಅಫ್ರೀನ್‌ಳ ನರ್ಸಿಂಗ್ ಸೀಟು ಕಳುವಾದದ್ದು ಗೊತ್ತಾಯಿತು. ಕಲಬುರಗಿಯ ಕಾಲೇಜಿನ ಸೀಟು. ವೆಬ್‌ಸೈಟ್ ತೆರೆದರೆ ಒಂದೇ ಸಾಲು: 'ನಿಮ್ಮ ಕೋರಿಕೆಯಂತೆ ಸೀಟು ಹಿಂತಿರುಗಿಸಲಾಗಿದೆ. ಸಮಯ 11.12.' ಅವಳು ಕೋರಿಯೇ ಇರಲಿಲ್ಲ. ಸಂಜೆ ನಾಲ್ಕು ಗಂಟೆಯೊಳಗೆ ಇದು ಮೋಸವೆಂದು ರುಜುವಾತಾಗದಿದ್ದರೆ ಸೀಟು ಬೇರೆಯವರ ಪಾಲು.

ಆರ್.ಟಿ. ನಗರದ ಅವಳ ಮನೆಗೆ ಸಬ್ ಇನ್‌ಸ್ಪೆಕ್ಟರ್ ಗಂಗಾದೇವಿ ಬಂದಾಗ ಎರಡು ಗಂಟೆ. ಹುಡುಗಿಯ ತಂದೆ ಜಿಯಾವುಲ್ಲಾ ಬಾಗಿಲಲ್ಲೇ ಅಪರಾಧಿಯ ಹೆಸರು ಹೇಳಿಬಿಟ್ಟರು. ಪೊಲೀಸರಿಗೆ ಇಂಥ ಉಪಕಾರ ಮಾಡುವವರನ್ನು ಕಂಡರೆ ಗಂಗಾದೇವಿಗೆ ಮೊದಲಿನಿಂದಲೂ ಅನುಮಾನ.

“ಮೇಲಿನ ಬಾಡಿಗೆಯವನು ಮೇಡಂ, ಶರಣು. ಫಾರಂ ತುಂಬಿಸಿದ್ದೇ ಅವನು. ಪಾಸ್‌ವರ್ಡ್ ಗೊತ್ತು. ನೋಡಿ ಪ್ರೂಫು!”

ಹಾಲ್‌ನ ರೂಟರಿನ ದಾಖಲೆಯಲ್ಲಿ, 11.12ಕ್ಕೆ ಆ ವೆಬ್‌ಸೈಟಿಗೆ ಹೋದ ಫೋನಿನ ವಿಳಾಸ 192.168.20.14. ಪಕ್ಕದಲ್ಲಿ, ಇಂಟರ್ನೆಟ್ ನೋಡಿಕೊಳ್ಳುವ ಕೇಬಲ್‌ನ ಅನಂತರಾಜು ಎರಡು ತಿಂಗಳ ಹಿಂದೆ ಬರೆದು ಅಂಟಿಸಿದ್ದ ಚೀಟಿ: 'ಕೆಳಗೆ 10, ಮೇಲೆ 20. ಶರಣು: 20.14.'

“ಸಂಜೆಯೊಳಗೆ ಮನೆ ಖಾಲಿ ಮಾಡಿಸ್ತೀನಿ,” ಎಂದರು ಜಿಯಾವುಲ್ಲಾ.

“ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?”

“ಮರೆತುಹೋಗತ್ತೆ ಅಂತ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರ್ದಿದ್ದೆ,” ಎಂದಳು ಅಫ್ರೀನ್. “ಮನೇಲಿದ್ದಿದ್ದು ನಾನು, ಅಬ್ಬಾ, ಫುಪ್ಪು.”

ಫುಪ್ಪು ಎಂದರೆ ಸೋದರತ್ತೆ ಜೈನಾಬ್. ತಾಯಿಯಿಲ್ಲದ ಅಫ್ರೀನ್‌ಳನ್ನು ಸಾಕಿ ಬೆಳೆಸಿದವರು.

“ನಾನು ಅಡುಗೆಮನೆ ಬಿಟ್ಟು ಕದಲಿಲ್ಲ. ಮಂಡಿ ನೋವು ಅಂತಾನೇ ಹೋದ ವರ್ಷ ಮೇಲಿನ ಮನೆ ಬಿಟ್ಟು ಕೆಳಗೆ ಬಂದಿದ್ದು,” ಎಂದರು ಜೈನಾಬ್.

* * *

ಮಹಡಿಯಲ್ಲಿ ಶರಣು ಆಗಲೇ ಬಟ್ಟೆ ಕಟ್ಟುತ್ತಿದ್ದ.

“ಒಂಬತ್ತಕ್ಕ ಯಶವಂತಪುರಕ್ಕ ಹೋಗಿದ್ನಿರಿ. ಬಂದಾಗ ಹನ್ನೊಂದೂ ನಲವತ್ತು. ಆ ಹುಡುಗಿಗೆ ನಮ್ಮೂರ ಕಾಲೇಜು ಹೇಳಿದಾವನ ನಾನು. ನಾ ಯಾಕ ತಪ್ಪಸ್ಲಿರಿ?”

“ಯಾರಾದ್ರೂ ನೋಡಿದ್ರಾ?”

“ಇಲ್ರಿ.”

“ಫೋನ್ ಕೊಡಿ.”

ಫೋನಿನ ವಿಳಾಸ 20.15. ಗಂಗಾದೇವಿ ಅಂದು ಮೊದಲ ಸಲ ನಕ್ಕರು. ಮಹಡಿಗೆಂದೇ ಇದ್ದ ಇನ್ನೊಂದು ರೂಟರಿನ ದಾಖಲೆಯನ್ನು ಲ್ಯಾಪ್‌ಟಾಪಿನಲ್ಲಿ ತೆರೆದು ಕೂತರು.

* * *

ಮೂರು ಗಂಟೆಗೆ ಎಲ್ಲರನ್ನೂ ಫೋನ್ ಸಮೇತ ಮೇಲೆ ಕರೆದರು. ಜೈನಾಬ್ ಗೋಡೆ ಹಿಡಿದು ಕೊನೆಗೆ ಬಂದರು.

“ಈ ನಂಬರ್ ಯಾರ ಸ್ವಂತದ್ದೂ ಅಲ್ಲ ಕಣ್ರೀ. ಕ್ಲಿನಿಕ್‌ನ ಟೋಕನ್ ಇದ್ದ ಹಾಗೆ. ಫೋನ್ ಕೇಳತ್ತೆ, ರೂಟರ್ ಕೊಡತ್ತೆ. ಇಲ್ಲಿ ಒಂದು ಗಂಟೆ ವಾಯಿದೆ. ಶರಣು ಒಂಬತ್ತಕ್ಕೆ ಹೋದ್ರು, ಹತ್ತಕ್ಕೆ ಹದಿನಾಲ್ಕು ಖಾಲಿ. 11.05ಕ್ಕೆ ಅದನ್ನ ಇನ್ನೊಂದು ಫೋನ್ ತಗೊಳ್ತು. ಇವರು ವಾಪಸ್ ಬಂದಾಗ ಅದಿನ್ನೂ ಆ ಫೋನಿನ ಹೆಸರಲ್ಲೇ ಇತ್ತು. ಅದಕ್ಕೇ ಇವರಿಗೆ ಹದಿನೈದು ಸಿಕ್ತು.”

“ಕೆಳಗಿಂದ್ಲೇ ತಗೊಂಡಿರ್ಬಹುದಲ್ಲ?” ಎಂದರು ಜಿಯಾವುಲ್ಲಾ.

“ಆಗಲ್ಲ. ಕೆಳಗಿನ ಫೋನ್ ಟೋಕನ್ ಕೇಳಿದ್ರೆ ಆ ಕೂಗು ಕೆಳಗಿನ ರೂಟರ್ ದಾಟಿ ಮೇಲೆ ಬರಲ್ಲ. ಅಲ್ಲಿ ಹತ್ತರ ಸಾಲಿನ ನಂಬರ್ ಮಾತ್ರ. ಇಪ್ಪತ್ತರದ್ದು ಬೇಕಂದ್ರೆ ಮೇಲಿನ ವೈಫೈಗೇ ಸೇರ್ಬೇಕು. ಅದು ಹಾಲ್‌ವರೆಗೂ ಸಿಗೋದೇ ಇಲ್ಲ.”

ಪರದೆಯಲ್ಲಿ ಆಗಷ್ಟೇ ಒಂದು ಫೋನು ತಾನಾಗಿ ಬಂದು ಸೇರಿಕೊಂಡಿತ್ತು. 11.05ಕ್ಕೆ ಹದಿನಾಲ್ಕನ್ನು ಪಡೆದ ಫೋನಿನದೇ ಗುರುತು. ಅದು ಜೈನಾಬ್ ಅವರ ಕೈಯಲ್ಲಿತ್ತು.

“ಇಲ್ಲಿದ್ದಾಗಿನ ವೈಫೈ ನಿಮ್ಮ ಫೋನ್ ಮರೆತಿಲ್ಲ,” ಎಂದರು ಗಂಗಾದೇವಿ ಮೆತ್ತಗೆ.

ಜೈನಾಬ್ ಕೂತುಬಿಟ್ಟರು. “ಕೆಳಗೆ ಇವಳ ಮುಖ ನೋಡ್ತಾ ಆ ಬಟನ್ ಒತ್ತೋಕೆ ಕೈ ಬರ್ಲಿಲ್ಲ. ಮೇಲೆ ಬಂದು ಮೆಟ್ಟಿಲಲ್ಲಿ ಕೂತು ಒತ್ತಿದೆ. ಇವಳು ಅಷ್ಟು ದೂರ ಹೋದ್ರೆ ನಾನು ಹೇಗಿರ್ಲಿ?”

“ಇವರನ್ನ ಬೀದಿಗೆ ಹಾಕೋವಾಗ್ಲೂ ಸುಮ್ಮನಿದ್ರಲ್ಲ?” ಎಂದರು ಗಂಗಾದೇವಿ, ಶರಣುವನ್ನು ತೋರಿಸಿ.

ಜೈನಾಬ್ ಹೇಳಿಕೆಗೆ ಸಹಿ ಹಾಕಿದರು; ಗಂಗಾದೇವಿ ಅದನ್ನು ಪ್ರವೇಶ ಕಚೇರಿಗೆ ಕಳಿಸಿದರು. ಮೂರೂ ನಲವತ್ತಕ್ಕೆ ಸೀಟು ಮರಳಿ ಬಂತು. ಜಿಯಾವುಲ್ಲಾ ಶರಣುವಿನ ಎರಡೂ ಕೈ ಹಿಡಿದುಕೊಂಡರು.

“ಹೋಗೋದು ಯಾವತ್ತು?” ಜೈನಾಬ್ ಕಣ್ಣೊರೆಸಿಕೊಂಡು ಕೇಳಿದರು. “ಪೆಟ್ಟಿಗೆ ತುಂಬಿ ಕೊಡ್ತೀನಿ.”

ಅಫ್ರೀನ್‌ಗೆ ಅಳು ಒತ್ತರಿಸಿ ಬಂತು. ಆದರೂ ಅವಳು ಅತ್ತೆಯ ಹತ್ತಿರ ಹೋಗಲಿಲ್ಲ.

“ಬೇಡ ಫುಪ್ಪು. ನಾನೇ ತುಂಬ್ಕೋತೀನಿ.”