ನಿಂತುಹೋದ ಹೂಂ

"ಕೊಲಿ ಮಾಡಿದಾಂವ ಯಾರಂತ ಮೊದಲ ಹೇಳಬ್ಯಾಡ್ರಿ ಮತ್ತ," ಎಂದ ಸುಭಾಸ, ತನ್ನ ಟಂಟಂ ಆಟೋ ಸ್ಟಾರ್ಟ್ ಮಾಡುತ್ತ.

ಕೋಗಿಲಬನದಿಂದ ದಾಂಡೇಲಿಯ ಮೆಡಿಕಲ್ ಶಾಪಿಗೆ ನಾನು ಕೆಲಸಕ್ಕೆ ಹೋಗುವುದು ಅವನ ಟಂಟಂನಲ್ಲೇ. ಅವನ ಪಕ್ಕದ ಸೀಟು, ಮಡಿಲಲ್ಲಿ ಲೈಬ್ರರಿ ಪುಸ್ತಕ. ಓದಲು ಅವನಿಗೆ ಪುರುಸೊತ್ತಿಲ್ಲ. ಓದಿದ್ದನ್ನು ಹೇಳದೆ ನನಗೆ ಇರಲಾಗದು.

ನಮ್ಮಜ್ಜಿ ಕೆಂಚವ್ವನ ನಿಯಮವನ್ನು ಮೊದಲ ದಿನವೇ ಅವನಿಗೆ ಹೇಳಿದ್ದೆ. ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕತೆಯೂ ಅಲ್ಲೇ ನಿಲ್ಲಬೇಕು, ರಾಜಕುಮಾರಿ ಕಾಡಿನಲ್ಲಿದ್ದರೆ ಕಾಡಿನಲ್ಲೇ. ಅಂದಿನಿಂದ ಎಮ್ಮೆ ಅಡ್ಡ ಬಂದಾಗಲೂ ಅವನ ಹೂಂ ತಪ್ಪಿಲ್ಲ.

"ಈ ಪತ್ತೇದಾರಿ ಕಾದಂಬರಿ ಬರಿಯೋರಿಗೆ ಓದೋರ ಮ್ಯಾಲ ನಂಬಿಕಿನ ಇಲ್ರಿ," ಎಂದೆ. " ಡಾಕ್ಟರ್ ಬಂದಾಗೊಮ್ಮೆ ಕಣ್ಣಾಗ ಕ್ರೂರ ಹೊಳಪು ಅಂತ ಬರೀತಾರ. ಅಂದಮ್ಯಾಲ ಅಂವ ನಿರಪರಾಧಿನ. ಖರೇ ಕೊಲೆಗಾರ ಚಹಾ ತಂದು ಕೊಡೂ ಅಳಿಯ."

"ಹೂಂ. ಹೇಳೇ ಬಿಟ್ರಲ್ರಿ!"

ಮಿರರಿನಲ್ಲಿ ಅವನ ಕಣ್ಣುಗಳು ನಕ್ಕವು. ರಸ್ತೆ ನೋಡಬೇಕಾದ ಆ ಮಿರರು ಯಾವಾಗಲೋ ನನ್ನ ಕಡೆ ವಾಲಿಕೊಂಡಿತ್ತು. ನಾನು ಸರಿಪಡಿಸಲು ಹೇಳಿರಲಿಲ್ಲ.

"ಮತ್ತ ಆ ಲವ್ ಕಾದಂಬರಿ?"

"ಅಯ್ಯ, ಅದರ ಸುದ್ದಿ ಬ್ಯಾಡ. ಅಕಿಗೆ ಅಂವ ಬೇಕು, ಅಂವಗ ಅಕಿ ಬೇಕು. ಒಬ್ಬರರ ಬಾಯಿ ಬಿಟ್ಟಿದ್ರ ಹತ್ತು ಪುಟದಾಗ ಮುಗೀತಿತ್ತು. ಬರೇ ಕಿಟಕಿ ಹಿಡಕೊಂಡು ಅಳತಾಳ, ಹುಚ್ಚಿ."

"ಹೂಂ," ಎಂದ ಮೆಲ್ಲಗೆ. "ಅಂಜಿಕಿ ಇರ್ತೈತಲ್ರಿ."

ಆ ಭಾನುವಾರ ಹಳಿಯಾಳದವರು ನನ್ನನ್ನು ನೋಡಲು ಬಂದರು. ಹುಡುಗ ಒಳ್ಳೆಯವನೇ, ಬೇಡವೆನ್ನಲು ಅವನಲ್ಲಿ ಒಂದು ಕಾರಣವೂ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಅಪ್ಪನಿಗೆ ಹೇಳಲು ನಾಲಿಗೆ ಏಳಲಿಲ್ಲ. ಅವರು ಹೋದ ಮೇಲೆ ನಾನೂ ಕಿಟಕಿ ಹಿಡಿದುಕೊಂಡೇ ಅತ್ತೆ.

ಮರುದಿನ ಸುಭಾಸ ನನ್ನ ಬರಿ ಮಡಿಲು ನೋಡಿದ.

"ಪುಸ್ತಕ ಇಲ್ಲೇನ್ರಿ ಇವತ್ತ?"

"ಬಾಯಾಗ ಐತಿ. ಒಬ್ಬಾಕಿ ಹುಡುಗಿ ಇದ್ಲು."

"ಹೂಂ."

"ದಿನಾ ಒಂದ ಟಂಟಂದಾಗ ಹೋಗ್ತಿದ್ಲು."

"ಹೂಂ." ಈ ಸಲ ತಡವಾಗಿ ಬಂತು.

"ಅಕಿನ್ನ ನೋಡಾಕ ಹಳಿಯಾಳದಿಂದ ಬಂದಿದ್ರು. ಇವತ್ತ ಸಂಜಿಮುಂದ ಅಕಿ ಅಪ್ಪ ಅವರಿಗೆ ಫೋನ್ ಮಾಡಿ ಒಪ್ಪಿಗಿ ಹೇಳಾಂವ ಅದಾನ."

ಕಾದೆ. ಸೇತುವೆ ಬಂತು, ಕೆಳಗೆ ಕಾಳಿ ನದಿ ಹರಿಯಿತು, ಸೇತುವೆ ಹಿಂದೆ ಸರಿಯಿತು. ಹೂಂ ಬರಲಿಲ್ಲ.

ಹಿಂದಿನ ಸೀಟಿನಿಂದ ಸೊಪ್ಪು ಮಾರುವ ಗೋದುಬಾಯಿ ಗದರಿದಳು. "ಯಾಕಲೇ ಸುಭಾಸ, ಹೂಂ ಅನ್ನಲಾ! ಮುಂದೇನಾತು ಕೇಳೂಣು."

ಅವನು ಟಂಟಂ ಬದಿಗೆ ನಿಲ್ಲಿಸಿದ.

"ಅನ್ನಂಗಿಲ್ಲ ಗೋದಕ್ಕ. ನಾ ಹೂಂ ಅಂದ್ರ ಈ ಕತಿ ಮುಂದ ಹೋಗ್ತೈತಿ."

ಮಿರರು ಬಿಟ್ಟು, ಮೊದಲ ಸಲ ನೇರ ನನ್ನ ಮುಖ ನೋಡಿದ.

"ಅಪ್ಪಾರು ಫೋನ್ ಮಾಡೂಕಿಂತ ಮೊದಲ, ನಾ ನಿಮ್ಮ ಮನಿಗೆ ಬರ್ಲೇನ್ರಿ?"

ಎಲ್ಲ ಪುಸ್ತಕಗಳ ಬಗ್ಗೆ ಅಷ್ಟೊಂದು ಮಾತಾಡಿದವಳಿಗೆ ಆಗ ಸಿಕ್ಕಿದ್ದು ಒಂದೇ.

"ಹೂಂ."